ಹರಿಹರದ ಆರು ಅಂಕಿಗಳು

ಈ ಸ್ಮರಣ ಸಂಚಿಕೆಯ ನಿಮಿತ್ತವಾಗಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಆಮಂತ್ರಣ ಪತ್ರಗಳನ್ನು ಕಳುಹಿಸಬೇಕಾದಾಗ, ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸದಲ್ಲಿ ಒಂದು ಪಾಲನ್ನು ನಾನೂ ವಹಿಸಿಕೊಂಡೆನು. ದಾವಣಗೆರೆಯೊಳಗಿನ ವಿಳಾಸಗಳು ಬೇಗನೆ ಮುಗಿದುವು. ಹರಿಹರದ ಕಟ್ಟನ್ನು ಬಿಚ್ಚಿ, ಮೊದಲನೆಯ ಲಕೋಟೆಯ ಕೊನೆಯ ಸಾಲಿನಲ್ಲಿ ೫೭೭೬೦೧ ಎಂದು ಬರೆದೊಡನೆ ನನ್ನ ಲೇಖನಿಯು ತಾನಾಗಿ ನಿಂತಿತು. ಅಂಚೆಯವರಿಗೆ ಈ ಆರು ಅಂಕಿಗಳು ಒಂದು ಊರಿನ ಗುರುತು. ನನಗಾದರೋ ಅವು ನಾನು ಮಾಡಿದ ಒಂದು ತಪ್ಪಿನ ಗುರುತು. ಆ ತಪ್ಪಿನಿಂದ ನಾನು ಕಲಿತುದು ಉಪಾಧ್ಯಾಯಿನಿಯರ ತರಬೇತಿಯಲ್ಲಿ ಕಲಿತುದಕ್ಕಿಂತ ಹೆಚ್ಚಾದುದರಿಂದ, ಅದನ್ನು ಮುಚ್ಚಿಡದೆ ಇಲ್ಲಿ ಬರೆಯುವುದೇ ಉಚಿತವೆಂದು ಭಾವಿಸಿರುವೆನು.

ಪ್ರಿಯ ವಿದ್ಯಾರ್ಥಿನಿಯರೇ, ಪೋಷಕ ಮಹಾಶಯರೇ, ನಮ್ಮ ಅಂಚೆ ಇಲಾಖೆಯು ಪಿನ್ ಕೋಡ್ ಎಂಬ ಆರಂಕಿಯ ಪದ್ಧತಿಯನ್ನು ೧೯೭೨ನೆಯ ಇಸವಿಯ ಆಗಸ್ಟ್ ೧೫ರಂದು ಆರಂಭಿಸಿತು. ಮೊದಲನೆಯ ಅಂಕಿಯು ದೇಶದ ವಲಯವನ್ನೂ, ಮೊದಲಿನ ಮೂರು ಅಂಕಿಗಳು ಕೂಡಿ ಕಾಗದಗಳನ್ನು ವಿಂಗಡಿಸುವ ಪ್ರದೇಶವನ್ನೂ, ಕಡೆಯ ಮೂರು ಅಂಕಿಗಳು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುವುವು. ದಾವಣಗೆರೆ, ಹರಿಹರ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು, ಇವೆಲ್ಲವುಗಳ ಅಂಕಿಗಳೂ ೫೭೭ರಿಂದಲೇ ಆರಂಭವಾಗುವುವು. ನಾನು ಈ ಶಾಲೆಗೆ ಗಣಿತದ ಉಪಾಧ್ಯಾಯಿನಿಯಾಗಿ ಬಂದು ಕೆಲವು ವರ್ಷಗಳಾಗಿದ್ದುವು. ೨೦೦೮ನೆಯ ಇಸವಿಯ ದಸರಾ ರಜೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಮನೆಗೆಲಸವಾಗಿ ಒಂದು ಲೆಕ್ಕವನ್ನು ಕೊಟ್ಟೆನು: “ನಿಮ್ಮ ಊರಿನ ಅಥವಾ ನಿಮ್ಮ ನಂಟರ ಊರಿನ ಪಿನ್ ಕೋಡನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿರಿ.” ಪುಸ್ತಕದಲ್ಲಿಲ್ಲದ ಲೆಕ್ಕವಾದುದರಿಂದ ಒಬ್ಬರದನ್ನು ಒಬ್ಬರು ನೋಡಿ ಬರೆಯಲಾರರೆಂಬುದು ನನ್ನ ಯುಕ್ತಿಯಾಗಿತ್ತು.

ಶಾಲೆಯನ್ನು ಬಿಟ್ಟು ಬಹು ಕಾಲವಾದವರಿಗಾಗಿ ಒಂದು ಮಾತು. ೧೫ ಎಂಬುದು ೩ ಮತ್ತು ೫ರ ಗುಣಲಬ್ಧ. ಆದರೆ ೧೩ನ್ನು ಹಾಗೆ ಒಡೆಯಲಾಗದು. ಅದು ಒಂದರಿಂದಲೂ ತನ್ನಿಂದಲೂ ಮಾತ್ರ ಶೇಷವಿಲ್ಲದೆ ಭಾಗವಾಗುವುದು. ಒಂದಕ್ಕಿಂತ ದೊಡ್ಡದಾದ ಇಂತಹ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಯೆನ್ನುವರು. ೨, ೩, ೫, ೭, ೧೧, ೧೩, ೧೭ ಹೀಗೆ ಇವು ಸಾಗುವುವು. ಮಿಕ್ಕ ಸಂಖ್ಯೆಗಳೆಲ್ಲವೂ ಇವುಗಳನ್ನೇ ಗುಣಿಸಿ ಕಟ್ಟಿದ ಕಟ್ಟಡಗಳು. ಇವುಗಳಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕರ ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿರುವನು.

ರಜೆ ಮುಗಿದು ಉತ್ತರಗಳು ಬಂದುವು. ದಾವಣಗೆರೆಯ ೫೭೭೦೦೧ನ್ನು ಬಹು ಮಂದಿ ಸರಿಯಾಗಿ ಬಿಡಿಸಿದ್ದರು. ಅದು ೨೩ × ೨೫೦೮೭. ಈ ೨೫೦೮೭ ಇನ್ನು ಒಡೆಯದು. ಚಿಕ್ಕಮಗಳೂರಿನ ೫೭೭೧೦೧ರ ಅಂಕಿಗಳನ್ನು ಕೂಡಿದರೆ ೨೧ ಬರುವುದರಿಂದ ಅದು ೩ರಿಂದ ಭಾಗವಾಗುವುದೆಂದು ಕಣ್ಣಿಗೇ ಕಾಣುವುದು. ಶಿವಮೊಗ್ಗದ ೫೭೭೨೦೧ ಎಂಬುದು ೧೭ರಿಂದ ಭಾಗವಾಗುವುದು. ಹೀಗೆ ಒಂದೊಂದೂ ಒಡೆಯುತ್ತ ಬಂದು, ಹರಿಹರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯ ಪುಸ್ತಕವು ನನ್ನ ಕೈಗೆ ಬಂದಿತು. ಅದರಲ್ಲಿ ಒಂದೇ ಒಂದು ಸಾಲು ಇದ್ದಿತು: “೫೭೭೬೦೧ ಯಾವುದರಿಂದಲೂ ಭಾಗವಾಗುವುದಿಲ್ಲ.”

ನಾನು ಆ ಸಂಖ್ಯೆಯನ್ನು ಭಾಗಿಸಿ ನೋಡಿರಲಿಲ್ಲ. ನೆರೆಯ ಊರುಗಳೆಲ್ಲ ಸಣ್ಣ ಸಂಖ್ಯೆಗಳಿಂದಲೇ ಒಡೆದಿರುವಾಗ ಇದೊಂದು ಮಾತ್ರ ಒಡೆಯದಿರುವುದೇ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿ, ನಾಲ್ಕಾರು ಭಾಗಾಕಾರಗಳನ್ನು ಮಾಡಿ ಬೇಸತ್ತು ಕೈಬಿಟ್ಟಿರಬೇಕೆಂದು ಊಹಿಸಿ, ಕೆಂಪು ಮಸಿಯಿಂದ ಅಡ್ಡಗೆರೆಯನ್ನೆಳೆದು “ಶ್ರಮ ಸಾಲದು” ಎಂದು ಬರೆದೆನು. ಹುಡುಗಿಯು ಪುಸ್ತಕವನ್ನು ತೆಗೆದುಕೊಂಡು ಹೋಗಿ ತನ್ನ ಸ್ಥಳದಲ್ಲಿ ಕುಳಿತಳು. ಎದುರುತ್ತರ ಕೊಡುವ ಸ್ವಭಾವ ಅವಳದಲ್ಲ. ಆ ವಾರದಲ್ಲಿಯೇ ಒಂದು ವಿದ್ಯಾರ್ಥಿವೇತನದ ಪರೀಕ್ಷೆಗೆ ಗಣಿತದಲ್ಲಿ ಮುಂದಾದ ಇಬ್ಬರು ಹುಡುಗಿಯರ ಹೆಸರುಗಳನ್ನು ನಾನು ಬರೆದು ಕೊಡಬೇಕಾಗಿತ್ತು. ಅವಳ ಹೆಸರು ನನ್ನ ಮನಸ್ಸಿನಲ್ಲಿ ಇದ್ದಿತು. ಆ ಒಂದು ಸಾಲನ್ನು ನೋಡಿದ ಬಳಿಕ ಅದನ್ನು ಬಿಟ್ಟು ಬೇರೊಂದು ಹೆಸರನ್ನು ಬರೆದೆನು.

ಎರಡು ದಿನಗಳಾದ ಮೇಲೆ ಹುಡುಗಿಯ ತಾಯಿಯು ಶಾಲೆಗೆ ಬಂದಳು. ಮನೆಯಲ್ಲಿ ಹೊಲಿಗೆಯ ಕೆಲಸ ಮಾಡಿ ಸಂಸಾರಕ್ಕೆ ಒದಗುವ ಹೆಂಗಸು. ಮಗಳಿಗೆ ತಿಳಿಯದಂತೆ ಬಂದಿದ್ದಳು. ಸೆರಗಿನ ಮರೆಯಿಂದ ಒಂದು ಕಚ್ಚಾ ಪುಸ್ತಕವನ್ನು ತೆಗೆದು ನನ್ನ ಮೇಜಿನ ಮೇಲಿರಿಸಿ, “ಅಕ್ಕೋರೆ, ಲೆಕ್ಕದಾಗ ಹಿಂದ ಬಿದ್ದಾಳ ಅಂದ್ರ ಹತ್ತನೇ ಕ್ಲಾಸಿಗೇ ಸಾಕು, ದಿನಾ ರೈಲಿಗೆ ಕಳಿಸಾದು ಬ್ಯಾಡ ಅಂತಾರ ನಮ್ಮನಿಯವರು. ನನಗ ಓದಾಕ ಬರಂಗಿಲ್ಲ. ಆರು ರಾತ್ರಿ ಕುಂತು ಇದನ್ನ ಬರದಾಳ. ಇದರಾಗ ಏನೈತಿ ನೀವ ನೋಡ್ರಿ” ಎಂದಳು.

ಒಪ್ಪ ಪ್ರತಿಯೊಂದನ್ನೇ ತರಬೇಕು, ಕಚ್ಚಾ ಲೆಕ್ಕವನ್ನು ತರಕೂಡದು ಎಂಬುದು ನನ್ನ ತರಗತಿಯ ನಿಯಮವಾಗಿತ್ತು. ಹುಡುಗಿಯು ಅದನ್ನು ಪಾಲಿಸಿದ್ದಳು. ನಾನು ಕೇಳಿದ ಶ್ರಮವೆಲ್ಲವೂ ನಾನೇ ಬೇಡವೆಂದ ಪುಸ್ತಕದಲ್ಲಿ ಉಳಿದಿತ್ತು!

ಆ ರಾತ್ರಿ ನಾನು ಪುಸ್ತಕವನ್ನು ತೆರೆದು ಕುಳಿತೆನು. ಮೊದಲಿನ ಹಾಳೆಗಳಲ್ಲಿ ೭೬೦ರ ವರೆಗಿನ ಸಂಖ್ಯೆಗಳನ್ನೆಲ್ಲ ಸಾಲಾಗಿ ಬರೆದು, ಎರಡರ ಮಗ್ಗಿಯವನ್ನೂ ಮೂರರ ಮಗ್ಗಿಯವನ್ನೂ ಐದರ ಮಗ್ಗಿಯವನ್ನೂ ಹೀಗೆ ಕ್ರಮವಾಗಿ ಹೊಡೆದು ಹಾಕಿದ್ದಳು. ಇದು ಎರಟೊಸ್ತನೀಸನೆಂಬ ಪ್ರಾಚೀನ ಗ್ರೀಕ್ ಪಂಡಿತನ ಹೆಸರಿನಿಂದ ಪ್ರಸಿದ್ಧವಾದ ಜರಡಿ. ಜರಡಿಯಲ್ಲಿ ಉಳಿದುವು ೧೩೪ ಅವಿಭಾಜ್ಯ ಸಂಖ್ಯೆಗಳು. ಮುಂದಿನ ಹಾಳೆಗಳಲ್ಲಿ ೧೩೪ ಭಾಗಾಕಾರಗಳು. ಮೂರರಿಂದ ಭಾಗಿಸಿದರೆ ಶೇಷ ೨; ಏಳರಿಂದ ೩; ಹನ್ನೊಂದರಿಂದ ೨; ಹದಿಮೂರರಿಂದ ೧೧; ಹದಿನೇಳರಿಂದ ೯; ಹತ್ತೊಂಬತ್ತರಿಂದ ೧; ದಾವಣಗೆರೆಯನ್ನು ಒಡೆದ ಇಪ್ಪತ್ತಮೂರು ಇಲ್ಲಿ ಶೇಷ ೨ನ್ನು ಉಳಿಸಿ ಹಿಂದಿರುಗಿತ್ತು. ಕಟ್ಟಕಡೆಯದು ೭೫೭, ಅದರ ಶೇಷ ೧೦. ಎಲ್ಲಿಯೂ ಸೊನ್ನೆ ಇರಲಿಲ್ಲ.

೭೬೦ಕ್ಕೆ ಏಕೆ ನಿಲ್ಲಿಸಿದಳೆಂದು ಕೆಲವರು ಕೇಳಬಹುದು. ೭೬೦ × ೭೬೦ ಎಂದರೆ ೫೭೭೬೦೦. ಹರಿಹರದ ಸಂಖ್ಯೆಯು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದು, ಆ ಎರಡೂ ೭೬೦ಕ್ಕಿಂತ ದೊಡ್ಡವಾಗಿದ್ದರೆ, ಗುಣಲಬ್ಧವು ೭೬೧ × ೭೬೧ ಅಂದರೆ ೫೭೯೧೨೧ಕ್ಕೆ ಕಡಮೆಯಾಗದು. ಆದುದರಿಂದ ಎರಡರಲ್ಲಿ ಒಂದಾದರೂ ೭೬೦ರ ಒಳಗೇ ಸಿಕ್ಕಬೇಕು. ಅಲ್ಲಿಯವರೆಗಿನ ಅವಿಭಾಜ್ಯ ಸಂಖ್ಯೆಗಳಲ್ಲಿ ಒಂದೂ ಭಾಗಿಸದಿದ್ದರೆ ಮುಂದೆ ಹುಡುಕಬೇಕಾದುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಯು ಎಲ್ಲಿಯವರೆಗೆ ಹೋಗಬೇಕೋ ಅಲ್ಲಿಯವರೆಗೆ ಹೋಗಿ, ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿದ್ದಳು.

ಆದರೂ ನಾನು ಪುಸ್ತಕವನ್ನು ಮುಚ್ಚಲಿಲ್ಲ. ಮೊದಲು ನೋಡದೆ ತಪ್ಪೆಂದವಳು ಈಗ ನೋಡದೆ ಸರಿಯೆಂದರೆ ದೋಷವು ಅಷ್ಟೇ ಅಲ್ಲವೇ? ಒಂದು ಭಾಗಾಕಾರವು ತಪ್ಪಿದ್ದರೂ ಆ ತಪ್ಪು ಶೇಷದ ಮರೆಯಲ್ಲಿ ಒಂದು ಸೊನ್ನೆಯು ಅಡಗಿರಬಹುದು. ಆದುದರಿಂದ ೧೩೪ನ್ನೂ ನಾನೇ ಮತ್ತೆ ಮಾಡಿದೆನು. ಅದಕ್ಕೆ ಎರಡು ರಾತ್ರಿಗಳು ಹಿಡಿದುವು. ೩೪೯ರಿಂದ ಭಾಗಿಸಿದಲ್ಲಿ ಅವಳು ಶೇಷ ೫ ಎಂದು ಬರೆದಿದ್ದಳು. ಸರಿಯಾದ ಶೇಷ ೬. ಅದೊಂದನ್ನುಳಿದು ಮಿಕ್ಕುದೆಲ್ಲವೂ ಸರಿಯಾಗಿತ್ತು. ೫೭೭೬೦೧ ಅವಿಭಾಜ್ಯ ಸಂಖ್ಯೆ. ಅವಳ ಒಂದು ಸಾಲು ನಿಜ. ನನ್ನ ಕೆಂಪು ಮಸಿ ಸುಳ್ಳು.

ಮರುದಿನ ಬೆಳಗ್ಗೆ ಅಂದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ ನಡೆದುದನ್ನು ನಡೆದಂತೆ ತಿಳಿಸಿದೆನು. ಹೆಸರುಗಳ ಪಟ್ಟಿಯು ಅವರ ಮೇಜಿನ ಮೇಲೆಯೇ ಇದ್ದಿತು, ಇನ್ನೂ ಟಪಾಲಿಗೆ ಹೋಗಿರಲಿಲ್ಲ. ಅವರು ನನ್ನನ್ನು ಗದರಿಸಲಿಲ್ಲ. ಇನ್ನೊಬ್ಬ ಹುಡುಗಿಯ ಹೆಸರನ್ನು ತೆಗೆದರೆ ಅವಳಿಗೆ ಅನ್ಯಾಯವಾಗುವುದೆಂದು, ಮೂರನೆಯ ಹೆಸರಿಗೆ ಅನುಮತಿಯನ್ನು ಬೇಡಿ ತಾವೇ ಒಂದು ಕಾಗದವನ್ನು ಬರೆದರು, ಅನುಮತಿಯೂ ದೊರೆಯಿತು. ಬಳಿಕ ನಾನು ತರಗತಿಗೆ ಹೋಗಿ, ಎಲ್ಲರ ಮುಂದೆ ಆ ಹುಡುಗಿಯ ಪುಸ್ತಕವನ್ನು ಕೇಳಿ ಪಡೆದು, ನನ್ನ ಬರವಣಿಗೆಯನ್ನು ಹೊಡೆದು ಹಾಕಿ, “ಉತ್ತರ ಸರಿ, ನೋಡದೆ ತಪ್ಪೆಂದುದು ಉಪಾಧ್ಯಾಯಿನಿಯ ತಪ್ಪು” ಎಂದು ಬರೆದು ಓದಿ ಹೇಳಿದೆನು. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಉಪಾಧ್ಯಾಯಿನಿಯ ಗೌರವವು ಇದರಿಂದ ಕುಂದುವುದೆಂದು ನಾನು ಅಂಜಿದ್ದುದು ಸುಳ್ಳಲ್ಲ. ಹಾಗೇನೂ ಆಗಲಿಲ್ಲ. ಅಂದಿನಿಂದ ಹುಡುಗಿಯರು ತಮ್ಮ ಸಂದೇಹಗಳನ್ನು ಬಾಯಿಬಿಟ್ಟು ಕೇಳತೊಡಗಿದರು.

ಆ ದಿನ ಕಪ್ಪುಹಲಗೆಯ ಬಳಿ ನಿಂತು ಹರಿಹರದ ಹುಡುಗಿಯು ಮೆಲ್ಲನೆ ಹೇಳಿದ ಒಂದು ಮಾತು ನಮಗೆ ಹಲವು ವಾರಗಳ ಪಾಠವಾಯಿತು. “ಮಿಸ್, ಇದು ೭೬೦ರ ವರ್ಗಕ್ಕಿಂತ ಒಂದೇ ಹೆಚ್ಚು” ಎಂದಳು. ಎಂತಹ ಸೋಜಿಗ! ೫೭೭೬೦೦ ಎಂಬುದು ೨, ೫, ೧೯ ಇವುಗಳಿಂದ ಕಟ್ಟಿದ ಸಂಖ್ಯೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ೬೩. ಅದಕ್ಕೆ ಒಂದನ್ನು ಕೂಡಿದೊಡನೆ ಭಾಜಕಗಳು ಎರಡೇ ಆಗುವುವು. ೫೭೭೬೦೦ನ್ನು ಭಾಗಿಸುವ ೨, ೫, ೧೯ ಇವು ಮುಂದಿನ ಸಂಖ್ಯೆಯಲ್ಲಿ ತಪ್ಪದೆ ಶೇಷ ಒಂದನ್ನು ಉಳಿಸುವುವು. ಯೂಕ್ಲಿಡನು ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ತೋರಿಸಿದುದೂ ಇಂತಹ ಒಂದನ್ನು ಕೂಡುವ ಉಪಾಯದಿಂದಲೇ.

ಇನ್ನೊಂದು ಗುಣವನ್ನು ನಾನು ಗ್ರಂಥಗಳನ್ನು ನೋಡಿ ಅವರಿಗೆ ಹೇಳಿಕೊಟ್ಟೆನು. ಯಾವ ಸಂಖ್ಯೆಯ ವರ್ಗವನ್ನು ತೆಗೆದುಕೊಂಡು ೭ರಿಂದ ಭಾಗಿಸಿದರೂ ಶೇಷವು ೦, ೧, ೨, ೪ ಇವುಗಳಲ್ಲಿ ಒಂದಾಗುವುದು. ೬ ಎಂದಿಗೂ ಆಗದು. ವರ್ಗಕ್ಕೆ ಒಂದನ್ನು ಕೂಡಿದಾಗ ೭ರಿಂದ ಭಾಗವಾಗಬೇಕಾದರೆ ವರ್ಗದ ಶೇಷವು ೬ ಆಗಿರಲೇಬೇಕು. ಆದುದರಿಂದ ಹರಿಹರದ ಸಂಖ್ಯೆಯನ್ನು ೭ರಿಂದ ಭಾಗಿಸಿ ನೋಡುವ ಆವಶ್ಯಕತೆಯೇ ಇಲ್ಲ. ೩, ೧೧, ೧೯, ೨೩ ಇವುಗಳ ಸಂಗತಿಯೂ ಹಾಗೆಯೇ. ಇವೆಲ್ಲವೂ ನಾಲ್ಕರಿಂದ ಭಾಗಿಸಿದಾಗ ಶೇಷ ಮೂರನ್ನು ಉಳಿಸುವ ಸಂಖ್ಯೆಗಳು. ೧೩ರ ಸಂಗತಿ ಬೇರೆ. ಅದು ನಾಲ್ಕರಿಂದ ಭಾಗಿಸಿದಾಗ ಶೇಷ ಒಂದನ್ನು ಉಳಿಸುವುದು, ಐದರ ವರ್ಗಕ್ಕೆ ಒಂದನ್ನು ಕೂಡಿದ ೨೬ನ್ನು ಸರಿಯಾಗಿ ಭಾಗಿಸುವುದು. ಸಮಸಂಖ್ಯೆಯೊಂದರ ವರ್ಗಕ್ಕೆ ಒಂದನ್ನು ಕೂಡಿ ಬಂದುದನ್ನು ಈ ಎರಡನೆಯ ಗುಂಪಿನ ಅವಿಭಾಜ್ಯಗಳು ಮಾತ್ರ ಭಾಗಿಸಬಲ್ಲವು. ೭೬೦ರ ಒಳಗೆ ಅಂಥವು ೬೩; ಮಿಕ್ಕ ೭೧ನ್ನು ಮುಟ್ಟಬೇಕಾಗಿರಲಿಲ್ಲ.

ಇದನ್ನು ಕೇಳಿ ಹುಡುಗಿಯ ಮುಖವು ಬಾಡಿತು. “ಹಾಗಾದರೆ ನಾನು ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥವೇ ಮಿಸ್?” ಎಂದು ಕೇಳಿದಳು. ಅವಳ ಪುಸ್ತಕವನ್ನೇ ತೆರೆದು, ಭಾಗವಾಗದ ಕಾರಣವು ತಿಳಿಯದಿದ್ದಾಗ ಒಂದೊಂದನ್ನೂ ಪರೀಕ್ಷಿಸುವುದೇ ಧರ್ಮವೆಂದೂ, ಅವಳ ೧೩೪ ಭಾಗಾಕಾರಗಳು ಇಲ್ಲದಿದ್ದರೆ ಈ ೬೩ರ ಮಾತು ನಮ್ಮ ತರಗತಿಯಲ್ಲಿ ಏಳುತ್ತಲೇ ಇರಲಿಲ್ಲವೆಂದೂ ಹೇಳಿದೆನು. ಅವಳಿಗೆ ಪೂರ್ತಿಯಾಗಿ ಸಮಾಧಾನವಾಯಿತೋ ಇಲ್ಲವೋ ನಾನರಿಯೆ.

ನಾಲ್ಕರಿಂದ ಭಾಗಿಸಿದಾಗ ಶೇಷ ಒಂದನ್ನು ಉಳಿಸುವ ಅವಿಭಾಜ್ಯ ಸಂಖ್ಯೆಗಳಿಗೆ ಬಹು ಸೊಗಸಾದ ಒಂದು ಲಕ್ಷಣವುಂಟು. ಅಂತಹ ಪ್ರತಿಯೊಂದು ಸಂಖ್ಯೆಯೂ ಎರಡು ವರ್ಗಗಳ ಮೊತ್ತವಾಗಿರುವುದು, ಅದೂ ಒಂದೇ ಒಂದು ವಿಧದಲ್ಲಿ. ೫ ಎಂದರೆ ೪ + ೧. ೧೩ ಎಂದರೆ ೯ + ೪. ೨೯ ಎಂದರೆ ೨೫ + ೪. ಒಡೆಯುವ ಸಂಖ್ಯೆಯಾದ ೬೫ನ್ನಾದರೋ ೬೪ + ೧ ಎಂದೂ ೪೯ + ೧೬ ಎಂದೂ ಎರಡು ಬಗೆಯಾಗಿ ಬರೆಯಬಹುದು. ಫ್ರಾನ್ಸ್ ದೇಶದ ಫರ್ಮಾ ಎಂಬ ನ್ಯಾಯಾಧಿಕಾರಿಯು ಈ ಲಕ್ಷಣವನ್ನು ೧೬೪೦ರಲ್ಲಿ ಸಾಧನೆಯಿಲ್ಲದೆ ಹೇಳಿದನು. ಆಯ್ಲರನೆಂಬ ಮಹಾ ಗಣಿತಜ್ಞನು ೧೭೪೯ರಲ್ಲಿ ಅದರ ಸಾಧನೆಯನ್ನು ಪೂರ್ಣಗೊಳಿಸಿದನು. ಹರಿಹರದ ಸಂಖ್ಯೆಯನ್ನು ೭೬೦ರ ವರ್ಗ ಮತ್ತು ೧ರ ವರ್ಗ ಎಂದಲ್ಲದೆ ಬೇರೆ ಎರಡು ವರ್ಗಗಳ ಮೊತ್ತವಾಗಿ ಜಗತ್ತಿನಲ್ಲಿ ಯಾರೂ ಬರೆಯಲಾರರು.

ಆಗ ಒಬ್ಬ ತುಂಟ ಹುಡುಗಿಯು, ಹರಿ ಮತ್ತು ಹರ ಎಂಬ ಎರಡು ಹೆಸರುಗಳು ಕೂಡಿದ ಊರಿಗೆ ಎರಡು ವರ್ಗಗಳು ಕೂಡಿದ ಸಂಖ್ಯೆಯೇ ಬಂದಿದೆಯಲ್ಲ ಎಂದಳು. ತುಂಗಭದ್ರೆಯ ತೀರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದನು. ಅಲ್ಲಿಯ ಮೂರ್ತಿಯು ಅರ್ಧ ಹರ, ಅರ್ಧ ಹರಿ. ಹೋಲಿಕೆಯನ್ನು ಕೇಳಿ ಎಲ್ಲರೂ ನಕ್ಕೆವು. ಆದರೆ ನಗೆಯು ನಂಬಿಕೆಯಾಗಬಾರದೆಂದು ನಾನು ಅಂದೇ ಎಚ್ಚರಿಸಿದೆನು. ಅಂಚೆಯವರು ಕಾಗದಗಳ ಅನುಕೂಲವನ್ನು ನೋಡಿ ಅಂಕಿಗಳನ್ನು ಕೊಟ್ಟರೇ ಹೊರತು ವರ್ಗಮೂಲಗಳನ್ನು ನೋಡಿ ಕೊಡಲಿಲ್ಲ. ಅಲ್ಲದೆ ಆರು ಲಕ್ಷದ ಆಸುಪಾಸಿನಲ್ಲಿ ಸರಾಸರಿ ಹದಿಮೂರು ಸಂಖ್ಯೆಗಳಿಗೆ ಒಂದು ಅವಿಭಾಜ್ಯವಾಗಿರುವುದು. ಹೀಗೆ ಅವಿಭಾಜ್ಯಗಳು ಎಷ್ಟೆಷ್ಟು ವಿರಳವಾಗುತ್ತ ಹೋಗುವುವೆಂಬ ನಿಯಮವನ್ನು ಹಡಮಾರ್ ಮತ್ತು ದ ಲಾ ವಾಲೆ ಪೂಸೆನ್ ಎಂಬ ಇಬ್ಬರು ವಿದ್ವಾಂಸರು ೧೮೯೬ರಲ್ಲಿ ಬೇರೆ ಬೇರೆಯಾಗಿ ಸಾಧಿಸಿದರು. ಹರಿಹರದಂತೆ ಒಡೆಯದ ಪಿನ್ ಕೋಡುಗಳು ದೇಶದಲ್ಲಿ ಬಹಳ ಇರುವುವು. ಆದರೆ ಒಂದು ವರ್ಗಕ್ಕೆ ಒಂದನ್ನು ಕೂಡಿ ಬರುವ ಅವಿಭಾಜ್ಯಗಳು ಅಪರೂಪ: ೨, ೫, ೧೭, ೩೭, ೧೦೧, ೧೯೭, ೨೫೭, ೪೦೧, ಅನಂತರ ನಮ್ಮ ಕಡೆಯ ಊರುಗಳ ಮೊದಲಿನ ಮೂರಂಕಿಯಾದ ೫೭೭. ಅದು ೨೪ರ ವರ್ಗಕ್ಕೆ ಒಂದು ಹೆಚ್ಚು. ಇಂಥವು ಎಂದಾದರೂ ಮುಗಿಯುವುವೋ, ಕೊನೆಯಿಲ್ಲದೆ ಸಾಗುವುವೋ ಎಂಬ ಪ್ರಶ್ನೆಯನ್ನು ಲಾಂಡೌ ಎಂಬ ಜರ್ಮನ್ ಪಂಡಿತನು ೧೯೧೨ರಲ್ಲಿ ಕೇಂಬ್ರಿಜ್ಜಿನ ಗಣಿತಜ್ಞರ ಮಹಾಸಭೆಯಲ್ಲಿ ಎತ್ತಿ ಹೇಳಿದನು. ಇಂದಿಗೂ ಅದಕ್ಕೆ ಉತ್ತರವಿಲ್ಲ. ಇಂತಹ ರೂಪದ ಸಂಖ್ಯೆಗಳಲ್ಲಿ ಎರಡಕ್ಕಿಂತ ಹೆಚ್ಚು ಅವಿಭಾಜ್ಯ ಅಪವರ್ತನಗಳಿಲ್ಲದವು ಅನಂತವೆಂದು ಇವಾನಿಯೆಟ್ಸ್ ಎಂಬವರು ೧೯೭೮ರಲ್ಲಿ ತೋರಿಸಿದರು.

ನೋಡದೆ ತೀರ್ಪು ಕೊಡುವ ದೋಷವು ನನ್ನಂತಹ ಸಾಮಾನ್ಯ ಉಪಾಧ್ಯಾಯಿನಿಗೆ ಮಾತ್ರ ಸೇರಿದುದಲ್ಲವೆಂಬುದನ್ನು ಆ ವರ್ಷದಲ್ಲಿಯೇ ಓದಿ ತಿಳಿದೆನು. ಪ್ಯಾರಿಸ್ ನಗರದ ಮರ್ಸೆನ್ ಎಂಬ ವಿದ್ವಾಂಸ ಸನ್ಯಾಸಿಯು ೧೬೪೪ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದನು. ಎರಡನ್ನು ಅರವತ್ತೇಳು ಸಲ ಬರೆದು ಒಂದರಿಂದೊಂದನ್ನು ಗುಣಿಸಿ, ಬಂದುದರಿಂದ ಒಂದನ್ನು ಕಳೆದರೆ ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆಯಾಗುವುದು: ೧೪೭೫೭೩೯೫೨೫೮೯೬೭೬೪೧೨೯೨೭. ಅದು ಅವಿಭಾಜ್ಯವೆಂದು ಮರ್ಸೆನನ ಪಟ್ಟಿಯು ಹೇಳಿತು. ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಆ ಮಾತು ನಿಂತಿತು. ೧೮೭೬ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಪಂಡಿತನು ಅದು ಒಡೆಯುವ ಸಂಖ್ಯೆಯೆಂದು ತೋರಿಸಿದನು. ಆದರೆ ಯಾವುದರಿಂದ ಒಡೆಯುವುದೆಂದು ಹೇಳಲಾರದೆ ಹೋದನು. ೧೯೦೩ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ಕೋಲ್ ಎಂಬವರು ಹಲಗೆಯ ಒಂದು ಕಡೆ ಆ ಸಂಖ್ಯೆಯನ್ನು ಬರೆದು, ಇನ್ನೊಂದು ಕಡೆ ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ ಎಂಬ ಎರಡು ಸಂಖ್ಯೆಗಳನ್ನು ಗುಣಿಸಿ ತೋರಿಸಿದರು. ಎರಡು ಉತ್ತರಗಳೂ ಒಂದೇ ಆಗಿದ್ದುವು. ಅವರು ಒಂದು ಮಾತನ್ನೂ ಆಡದೆ ಹೋಗಿ ಕುಳಿತರೆಂದೂ, ಸಭೆಯು ಕೈತಟ್ಟಿತೆಂದೂ ಹೇಳುವರು. ಕೋಲರು ತಮ್ಮ ಗುಣಾಕಾರವನ್ನು ಹಲಗೆಯ ಮೇಲೆಯೇ ಬರೆಯಲು ಅವಕಾಶವಿದ್ದಿತು. ನನ್ನ ವಿದ್ಯಾರ್ಥಿನಿಗೆ ನಾನು ಆ ಅವಕಾಶವನ್ನು ಕೊಟ್ಟಿರಲಿಲ್ಲ.

ಇಷ್ಟೆಲ್ಲ ಶ್ರಮದಿಂದ ಪ್ರಯೋಜನವೇನೆಂದು ಪೋಷಕರಲ್ಲಿ ಕೆಲವರು ಕೇಳಬಹುದು. ನಮ್ಮ ನಾಡಿನಲ್ಲಿಯೇ ಇದಕ್ಕೆ ಒಂದು ಒಳ್ಳೆಯ ಉದಾಹರಣೆಯುಂಟು. ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಹಾರದಂತೆ ಎರಡು ಕಡೆಯಿಂದಲೂ ಒಂದೇ ತೆರನಾಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊಟ್ಟಿರುವನು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ಎರಡೂ ಅವಿಭಾಜ್ಯಗಳೇ. ಗುಣಿಸುವುದು ಒಂದು ನಿಮಿಷದ ಕೆಲಸ. ಆದರೆ ೧೫೧೫೧ ಎಂಬ ಹಾರವನ್ನು ಮಗುವಿನ ಕೈಗೆ ಕೊಟ್ಟು, ಇದರ ಎರಡು ಎಳೆಗಳನ್ನು ಬಿಡಿಸು ಎಂದರೆ ಎಷ್ಟು ಹೊತ್ತು ಹಿಡಿಯುವುದು! ಕಟ್ಟುವುದು ಸುಲಭ, ಬಿಡಿಸುವುದು ಕಷ್ಟವೆಂಬ ಈ ಭೇದವನ್ನೇ ಆಧಾರವಾಗಿಟ್ಟುಕೊಂಡು ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ೧೯೭೭ರಲ್ಲಿ ರಹಸ್ಯ ಸಂದೇಶಗಳಿಗೆ ಒಂದು ಬೀಗವನ್ನು ರಚಿಸಿದರು. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಬಹುದು. ಅದನ್ನು ಒಡೆಯಬಲ್ಲವರು ಮಾತ್ರ ಬೀಗವನ್ನು ತೆರೆಯಬಲ್ಲರು. ಕಂಪ್ಯೂಟರುಗಳ ನಡುವೆ ಹೋಗುವ ಹಣಕಾಸಿನ ಸಂದೇಶಗಳನ್ನು ಕಾಪಾಡಲು ಇಂತಹ ಬೀಗಗಳು ಬಳಕೆಗೆ ಬಂದಿರುವುವು.

ಒಂದು ಸಂಖ್ಯೆಯು ಒಡೆಯದೆಂದು ತಿಳಿಯಲು ಒಂದೊಂದರಿಂದಲೂ ಭಾಗಿಸಬೇಕಾದುದಿಲ್ಲವೆಂಬುದರಲ್ಲಿಯೂ ನಮ್ಮ ದೇಶದವರ ಕಾಣಿಕೆಯುಂಟು. ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಇವರು ೨೦೦೨ರಲ್ಲಿ, ಎಷ್ಟೇ ಅಂಕಿಗಳ ಸಂಖ್ಯೆಗೂ ಸಂದೇಹವಿಲ್ಲದೆ ಅನ್ವಯಿಸುವ ಶೀಘ್ರ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಮರ್ಸೆನನ ರೂಪದ ಸಂಖ್ಯೆಗಳಿಗೆ ಬೇರೆಯೇ ಒಂದು ಪರೀಕ್ಷೆಯುಂಟು. ಅಂತಹದೊಂದು ಅವಿಭಾಜ್ಯವು ೨೦೨೪ರಲ್ಲಿ ದೊರೆತಿತು. ಅದರ ಅಂಕಿಗಳ ಸಂಖ್ಯೆಯೇ ೪,೧೦,೨೪,೩೨೦. ಅದರ ಮುಂದೆ ನಮ್ಮ ಹರಿಹರದ ಆರಂಕಿ ಎಷ್ಟರದು? ಇಂದು ಯಾವ ಹುಡುಗಿಯಾದರೂ ತಂದೆಯ ಮೊಬೈಲಿನಲ್ಲಿ ೫೭೭೬೦೧ನ್ನು ಒತ್ತಿ, ಕಣ್ಣು ಮಿಟುಕಿಸುವುದರೊಳಗೆ “ಅವಿಭಾಜ್ಯ” ಎಂಬ ಉತ್ತರವನ್ನು ಪಡೆಯಬಹುದು. ಅದೂ ಒಂದೇ ಸಾಲಿನ ಉತ್ತರ. ಯಂತ್ರವು ಕೊಟ್ಟ ಒಂದು ಸಾಲನ್ನು ನಾವು ಪ್ರಶ್ನಿಸದೆ ನಂಬುವೆವು. ಮಗಳು ಬರೆದ ಅದೇ ಸಾಲನ್ನು ಪ್ರಶ್ನಿಸದೆ ಹೊಡೆದು ಹಾಕುವೆವು. ಎರಡರಲ್ಲಿಯೂ ನಾವು ಲೆಕ್ಕವನ್ನು ನೋಡಿರುವುದಿಲ್ಲ.

ಕಥೆಯ ಮುಕ್ತಾಯವನ್ನು ಕೇಳುವಿರಾದರೆ, ಆ ವಿದ್ಯಾರ್ಥಿವೇತನವು ಅವಳಿಗೆ ಸಿಕ್ಕಲಿಲ್ಲ. ಪರೀಕ್ಷೆಯಲ್ಲಿ ಕೇಳಿದುದು ಬೇಗ ಬೇಗನೆ ಮಾಡುವ ಲೆಕ್ಕಗಳು, ಅವಳು ನಿಧಾನದವಳು. ಆದರೆ ಕೆಂಪು ಗೆರೆಯನ್ನು ತಿದ್ದಿದ ಪುಟವನ್ನು ತಾಯಿಯು ತಂದೆಗೆ ತೋರಿಸಿದಳಂತೆ. ಅವರು ಒಂದು ಭಾನುವಾರ ನನ್ನಲ್ಲಿಗೆ ಬಂದು, “ಅವಳಿಗೆ ಬುದ್ಧಿ ಐತೇನ್ರಿ?” ಎಂದು ನೇರವಾಗಿ ಕೇಳಿದರು. ಐತೆ ಎಂದೆನು. ಹೆಚ್ಚಿಗೆ ಏನನ್ನೂ ಹೇಳುವ ಅಧಿಕಾರವು ನನಗೆ ಇರಲಿಲ್ಲ. ಹತ್ತನೆಯ ತರಗತಿಯಾದ ಮೇಲೆಯೂ ಅವಳು ರೈಲಿನಲ್ಲಿ ಬರುತ್ತಲೇ ಇದ್ದಳು. ಪದವಿಯವರೆಗೆ ಓದಿ, ಈಗ ಲೆಕ್ಕಪತ್ರದ ಉದ್ಯೋಗದಲ್ಲಿ ಇರುವಳು. ಹೆಸರನ್ನು ಬರೆದರೆ ಅವಳಿಗೆ ಸಂಕೋಚವಾದೀತೆಂದು ಬರೆಯುವುದಿಲ್ಲ.

ಅಂದು ತಂದ ಕಚ್ಚಾ ಪುಸ್ತಕವನ್ನು ಹಿಂದಿರುಗಿಸಲು ಹೋದಾಗ, “ನಿಮ್ಮ ಹತ್ತಿರವೇ ಇರಲಿ ಮಿಸ್” ಎಂದಿದ್ದಳು. ಮುಖ್ಯೋಪಾಧ್ಯಾಯಿನಿಯ ಕುರ್ಚಿಗೆ ಬಂದ ಮೇಲೆ ಅದನ್ನು ನನ್ನ ಮೇಜಿನ ಎಳೆಪೆಟ್ಟಿಗೆಯಲ್ಲಿ ಇಟ್ಟಿರುವೆನು. ಕಚ್ಚಾ ಲೆಕ್ಕವನ್ನು ಒಪ್ಪ ಪ್ರತಿಯೊಡನೆ ಲಗತ್ತಿಸಿ ಕೊಡಬೇಕೆಂಬುದು ಈಗ ನಮ್ಮ ಶಾಲೆಯ ನಿಯಮ. ಹೊಸ ಉಪಾಧ್ಯಾಯಿನಿಯರು ಇದರಿಂದ ತಮ್ಮ ಕೆಲಸವು ಇಮ್ಮಡಿಯಾಗುವುದೆಂದು ಹೇಳಿದಾಗ, ನಾನು ಆ ಪುಸ್ತಕವನ್ನು ತೆಗೆದು ೩೪೯ರ ಪುಟವನ್ನು ತೋರಿಸುವೆನು.

ಪೋಷಕರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮಗಳು ಲೆಕ್ಕದ ಮುಂದೆ ಕುಳಿತು “ಆಗುವುದಿಲ್ಲ” ಎಂದರೆ, ಗದರಿಸುವುದಕ್ಕೆ ಮೊದಲು ಅವಳ ಕಚ್ಚಾ ಪುಸ್ತಕವನ್ನು ಕೇಳಿರಿ. ಬರೆದಿಲ್ಲದಿದ್ದರೆ ಕೂತು ಬರೆಯೆಂದು ಹೇಳಿರಿ. ಬರೆದಿದ್ದರೆ ದಯವಿಟ್ಟು ಮೊದಲನೆಯ ಹಾಳೆಯಿಂದ ಕೊನೆಯ ಹಾಳೆಯವರೆಗೆ ನೋಡಿರಿ.

ಹರಿಹರದ ಲಕೋಟೆಗಳು ಇನ್ನೂ ಹಲವು ಉಳಿದಿರುವುವು. ಅಂಚೆಯ ಹೊತ್ತಿಗೆ ಅವನ್ನು ಮುಗಿಸಬೇಕಾದುದರಿಂದ ಇಲ್ಲಿಗೆ ನಿಲ್ಲಿಸುವೆನು.